ಯಾವುದು ಫಸ್ಟು?

ಮೊದಲನೆಯ ಹೆಡ್‌ಫೋನನ್ನು ಯಾಮಿನಿಯೇ ಗಂಡನ ತಲೆಗೆ ಹಾಕಿದಳು. ಅದರ ದಪ್ಪ ದಿಂಬುಗಳು ಎರಡೂ ಕಿವಿಗಳನ್ನು ಪೂರ್ತಿ ಮುಚ್ಚುವಂತೆ ಸರಿಮಾಡಿ, ಮೊಬೈಲಿನಲ್ಲಿ ನಾದಸ್ವರ ಹಾಕಿದಳು. ಮೋಹನ್‌ಬಾಬು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಸ್ವಲ್ಪ ಹೊತ್ತು ಗೋಡೆ ನೋಡಿದ. ಆಮೇಲೆ ಹೆಂಡತಿಯ ಮುಖ ನೋಡಿದ.

“ಕೇಳಿಸ್ತಿದೆ,” ಎಂದ.

ನಿಜವಾ ಎಂಬಂತೆ ಯಾಮಿನಿ ಅವನ ಭುಜ ಹಿಡಿದು ಅಲ್ಲಾಡಿಸಿದಳು.

“ಹೂಂ ಕಣೇ. ದೂರದಲ್ಲಿ ಯಾವುದೋ ಊರಲ್ಲಿ ಮದುವೆ ನಡೀತಿರೋ ಹಂಗೆ.”

ಸಂಕ್ರಾಂತಿ ಕಳೆದ ಮೇಲೆ ಬಂದ ಮೆದುಳು ಜ್ವರ ಅವನನ್ನು ಉಳಿಸಿ, ಎರಡು ಕಿವಿಗಳನ್ನೂ ತೆಗೆದುಕೊಂಡು ಹೋಗಿತ್ತು. ನರವೇ ಹೋಗಿದೆ, ಕಿವಿಗೆ ಹಾಕುವ ಮಿಷನ್ನಿನಿಂದಲೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೆ ಪೆರೇಸಂದ್ರದ ಸುತ್ತಮುತ್ತ ಮದುವೆ, ನಾಮಕರಣ ಯಾವುದಿದ್ದರೂ ಮೈಕ್‌ಸೆಟ್ ಇಡುತ್ತಿದ್ದವನು ಅವನು. ಸುಮ್ಮನೆ ಕೂರಲಾರದೆ ಹೋದ ತಿಂಗಳು ಮಂಡಿಕಲ್‌ನಲ್ಲಿ ಒಂದು ಮದುವೆ ಒಪ್ಪಿಕೊಂಡ. ಮುಹೂರ್ತದ ಹೊತ್ತಿಗೆ ಮೈಕು ಕುಂಯ್ಯೆಂದು ಕಿರುಚತೊಡಗಿತು. ಜನ ಕಿವಿ ಮುಚ್ಚಿಕೊಂಡು ಎದ್ದು ನಿಂತರು. ಅವನು ಮಾತ್ರ ಮಿಕ್ಸರ್ ಮುಂದೆ ನಗುತ್ತಾ, ಎಲ್ಲ ಸರಿಯಾಗಿದೆ ತಾನೇ ಎಂಬಂತೆ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಕೊನೆಗೆ ಹುಡುಗಿಯ ಸೋದರಮಾವ ಬಂದು ವೈರು ಕಿತ್ತ. ಅವತ್ತು ಯಾಮಿನಿಯೂ ಚಪ್ಪರದಲ್ಲೇ ಕೂತಿದ್ದಳು.

ಆದರೂ ಅವಳು ಆಸೆ ಬಿಟ್ಟಿರಲಿಲ್ಲ. ಅವಳ ತಮ್ಮ ವೇಣು ಚಿಕ್ಕಬಳ್ಳಾಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ಮೂರು ಥರದ ಹೆಡ್‌ಫೋನು ಕೊಟ್ಟು, “ಈ ಕೊನೇದು ಕಿವಿಗಲ್ಲ ಅಕ್ಕ, ಮೂಳೆಗೆ ಕೇಳ್ಸತ್ತೆ. ಭಾವಂಗೆ ಹಾಕಿ ನೋಡು,” ಎಂದು ಹೇಳಿ ಕಳಿಸಿದ್ದ.

ಎರಡನೆಯದು ಕಿವಿಯೊಳಗೆ ಸಿಕ್ಕಿಸುವ ಪುಟ್ಟದು. ಮೋಹನ್‌ಬಾಬು ಅದನ್ನು ಹಾಕಿಕೊಂಡು ಮುಖ ಕಿವುಚಿದ. “ಇದು ಬರೀ ಟ್ರಿಬಲ್ಲು. ಗುಂ ಅನ್ನೋ ಬೇಸೇ ಇಲ್ಲ.” ಯಾಮಿನಿ ನಕ್ಕಳು. ಜ್ವರಕ್ಕೆ ಮುಂಚೆ ಯಾವ ಸ್ಪೀಕರ್ ಕೊಟ್ಟರೂ ಹೀಗೇ ಏನಾದರೊಂದು ತಪ್ಪು ಹುಡುಕುತ್ತಿದ್ದ ಮನುಷ್ಯ ವಾಪಸು ಬಂದಂತಿತ್ತು.

ಮೂರನೆಯದಕ್ಕೆ ವೈರೇ ಇರಲಿಲ್ಲ. ಅವನ ಕೆನ್ನೆಯ ಮೂಳೆಗೆ ಒತ್ತಿಕೊಂಡಿರುವಂತೆ ಅದನ್ನು ಕೂರಿಸಿ, ಹಾಕಿದ್ದೀನಿ ಎಂದು ಸನ್ನೆ ಮಾಡಿ ಹಾಡು ಒತ್ತಿದಳು. ಮೋಹನ್‌ಬಾಬು ಕಣ್ಣು ಮುಚ್ಚಿದ. ತಲೆ ತೂಗಿದ. ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕತೊಡಗಿದ.

ನಾದಸ್ವರ ಯಾಮಿನಿಯ ಕೈಯಲ್ಲಿದ್ದ ಮೊಬೈಲಿನಿಂದಲೇ ಜೋರಾಗಿ ಮೊಳಗುತ್ತಿತ್ತು.

ಏನೋ ತಪ್ಪಾಗಿದೆ ಎಂದು ಅವಳು ಗಾಬರಿಯಿಂದ ಮೊಬೈಲು ನೋಡುತ್ತಿರುವಾಗಲೇ ಪಕ್ಕದ ಮನೆಯ ಅಮ್ಮಾಜಮ್ಮ ಕಾಂಪೌಂಡಿನ ಆಚೆಯಿಂದ ಕೂಗಿದಳು: “ಏಮ್ಮಾ ಯಾಮಿನಿ, ಅಷ್ಟು ಜೋರಾಗಿ ಹಾಕಿದ್ದೀಯಲ್ಲ! ಬೀದಿಗೆಲ್ಲಾ ಕೇಳ್ತದೆ.”

ಹೆಡ್‌ಫೋನಿಗೂ ಮೊಬೈಲಿಗೂ ಕನೆಕ್ಷನ್ನೇ ಆಗಿರಲಿಲ್ಲ. ಯಾಮಿನಿ ಹಾಡು ನಿಲ್ಲಿಸಿದಳು. ಮನೆ ಥಣ್ಣಗಾಯಿತು. ಗಂಡನ ಬೆರಳು ಮಾತ್ರ ನಿಲ್ಲಲಿಲ್ಲ. ಕಣ್ಣು ಮುಚ್ಚಿಕೊಂಡೇ ತಾಳ ಹಾಕುತ್ತಿದ್ದ, ಆ ತಾಳವೂ ತಪ್ಪದೆ ಬೀಳುತ್ತಿತ್ತು.

ಆಮೇಲೆ ಕಣ್ಣು ಬಿಟ್ಟು, ತೀರ್ಪು ಹೇಳುವವನಂತೆ ಬೆರಳು ಮಡಿಸಿದ. “ಇದೇ ಫಸ್ಟು. ಕ್ಲಿಯರ್ ಅಂದ್ರೆ ಕ್ಲಿಯರ್. ದಪ್ಪ ದಿಂಬಿನದು ಸೆಕೆಂಡು, ಡೋಲು ಗುಂ ಅಂತದೆ, ನಾದಸ್ವರ ಮುಳುಗೋಗತ್ತೆ. ಆ ಪುಟ್ಟದು ಲಾಸ್ಟು. ವಾಪಸ್ ಕೊಟ್ಬಿಡು ಅದನ್ನ.”

ಕನೆಕ್ಷನ್ನೇ ಆಗಿಲ್ಲವೆಂದು ಹೇಳಹೊರಟ ಯಾಮಿನಿ ಅವನ ಮುಖ ನೋಡಿದಳು. ಅವನು ಅಷ್ಟು ದಿನಗಳ ಮೇಲೆ ಶೇವ್ ಮಾಡಿಕೊಂಡು ಕೂತಿದ್ದ.

“ಇನ್ನೇನು, ಕೋನಪ್ಪಂಗೆ ಫೋನ್ ಮಾಡು,” ಎಂದ ಮೋಹನ್‌ಬಾಬು. ಕಳವಾರದ ಕೋನಪ್ಪ ಮೈಕ್‌ಸೆಟ್ಟನ್ನೆಲ್ಲ ಕೊಳ್ಳುತ್ತೇನೆಂದು ಮಾತಾಡಿ ಹೋಗಿದ್ದ, ಮಾರನೆಯ ದಿನ ಗಾಡಿ ತರುವವನಿದ್ದ. “ಕೊಡಲ್ಲ ಅಂತ ಹೇಳು. ಈ ಶ್ರಾವಣದಿಂದ ನಾನೇ ಮದುವೆ ಒಪ್ಕೋತೀನಿ. ಈಗ್ಲೇ ಮಾಡು, ನನ್ನ ಮುಂದೇನೇ ಮಾಡು.”

ಅವಳಿಗೆ ಮಂಡಿಕಲ್‌ನ ಚಪ್ಪರ ಕಣ್ಣಿಗೆ ಕಟ್ಟಿತು. ಫೋನ್ ಮಾಡಿದಳು. ತುಟಿ ಕಾಣದಂತೆ ಸೆರಗನ್ನು ಬಾಯಿಗೆ ಹಿಡಿದುಕೊಂಡಳು.

“ಹೇಳಮ್ಮ,” ಎಂದ ಆ ಕಡೆಯಿಂದ ಕೋನಪ್ಪ. “ನಾಳೆ ಬರ್ಲಾ, ಬೇಡ್ವಾ?”

“ಬನ್ನಿ ಅಣ್ಣ. ಬೆಳಿಗ್ಗೇನೇ ಬನ್ನಿ. ಎಲ್ಲಾ ತಗೊಂಡೋಗಿ, ಒಂದು ವೈರೂ ಬಿಡಬೇಡಿ.”

“ಮೋಹನ ಒಪ್ಪಿದ್ನಾ? ಒಂದ್ಸಲ ಅವನ ಹತ್ರ ಮಾತಾಡಮ್ಮ.”

“ಪಕ್ಕದಲ್ಲೇ ಕೂತವ್ರೆ ಅಣ್ಣ,” ಎಂದಳು ಯಾಮಿನಿ. “ಅವರ ಮುಂದೇನೇ ಮಾತಾಡ್ತಿದೀನಿ.”

ಫೋನ್ ಇಟ್ಟಳು.

“ಬೇಜಾರ್ ಮಾಡ್ಕೊಂಡ್ನಾ?” ಎಂದು ಕೇಳಿದ ಮೋಹನ್‌ಬಾಬು.

ಇಲ್ಲ ಎಂದು ಅವಳು ತಲೆಯಾಡಿಸಿದಳು.

“ಒಳ್ಳೇ ಮನುಷ್ಯ, ಪಾಪ.” ಅವನು ಕುರ್ಚಿಗೆ ಒರಗಿ ಮತ್ತೆ ಕಣ್ಣು ಮುಚ್ಚಿದ. ಕೈ ಎತ್ತಿ ಸನ್ನೆ ಮಾಡಿದ. “ಸೌಂಡ್ ಒಂಚೂರು ಕಮ್ಮಿ ಮಾಡು ಯಾಮಿನಿ, ಜಾಸ್ತಿ ಆಯ್ತು.”