ಗ್ಯಾರಂಟಿ ಚಳಿ

ಏಪ್ರಿಲ್ ತಿಂಗಳು, ಬೆಳಗ್ಗೆಯೇ ಬೆವರು ಇಳಿಯುತ್ತಿದ್ದರೂ ಪರಮೇಶಪ್ಪ ಉಣ್ಣೆಯ ಸ್ವೆಟರ್ ತೊಟ್ಟುಕೊಂಡೇ ತಿಂಡಿಯ ಮೇಜಿಗೆ ಬಂದರು. ಸುಂಟಿಕೊಪ್ಪದಾಚೆಯ ಅವರ ಹೋಂಸ್ಟೇಯಲ್ಲಿ ಫ್ಯಾನ್ ಇಲ್ಲ. ಕೊಡಗಿನ ಚಳಿ ಗ್ಯಾರಂಟಿ, ಸೊಳ್ಳೆ ಅನ್ನುವುದೇ ಇಲ್ಲ ಎಂದು ಹೇಳಿಯೇ ರೂಮು ಕೊಡುವುದು. ಅತಿಥಿಗಳು ರಾತ್ರಿಯಿಡೀ ಚಪ್ಪಾಳೆ ತಟ್ಟಿದ್ದು ಅವರ ಕಿವಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೂ ಭಜನೆ ಎಂದುಕೊಳ್ಳುವ ಮನುಷ್ಯ.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ತಮ್ಮನ ಮಗಳು ಕವನಾ ಹಿಂದಿನ ವಾರ ಬಂದಿದ್ದಾಗ, ಜಗಲಿಯಲ್ಲಿ ನೀರು ತುಂಬಿ ಹೂವು ತೇಲಿಬಿಟ್ಟಿದ್ದ ಹಿತ್ತಾಳೆ ಉರುಳಿಯಲ್ಲಿ, ಹೂವಿನ ಕೆಳಗೆ ಕುಣಿಯುತ್ತಿದ್ದ ಸೊಳ್ಳೆಯ ಮರಿಹುಳುಗಳನ್ನು ತೋರಿಸಿದ್ದಳು. ತೋಟದ ಸೊಳ್ಳೆ, ಪೇಟೆಯ ಸೊಳ್ಳೆ ಎರಡೂ ಒಂದೇ ವಂಶ, ಎರಡರ ಕಾಲಿಗೂ ಬಿಳಿ ಪಟ್ಟೆ. ತೋಟದ್ದು ಚಳಿ ತಡೆದುಕೊಳ್ಳುತ್ತದೆ, ಪೇಟೆಯದಕ್ಕೆ ಬಿಸಿ ಬೇಕು. ಈಗ ಇಲ್ಲೂ ನೀರು ಬೆಚ್ಚಗಾಗಿ ಮರಿ ಬೇಗ ಬೆಳೆಯುತ್ತದೆ, ಅದಕ್ಕೇ ಪೇಟೆಯದೂ ಘಟ್ಟ ಹತ್ತಿ ಮನೆ ಮಾಡಿದೆ, ಡೆಂಗಿ ತರಲು ಎರಡರಲ್ಲಿ ಯಾವುದಾದರೂ ಸಾಕು ಎಂದು ವಿವರಿಸಿದ್ದಳು.

"ಹೊರಗಿಂದ ಬಂದದ್ದಲ್ವಾ? ಹಂಗಾದ್ರೆ ಅದು ನಮ್ಮ ಸೊಳ್ಳೆ ಅಲ್ಲ ಬಿಡವ್ವ," ಎಂದು ಪರಮೇಶಪ್ಪ ಮಾತು ಮುಗಿಸಿದ್ದರು. ಉರುಳಿಯ ನೀರನ್ನೂ ಚೆಲ್ಲಲಿಲ್ಲ, ಅತಿಥಿಗಳು ಅದರ ಫೋಟೊ ತೆಗೆಯುತ್ತಾರಲ್ಲ.

ಹೆಂಡತಿ ಕಾಂತಮ್ಮ ಅಕ್ಕಿರೊಟ್ಟಿ ತಂದರು. ಗಂಡನ ಆಜ್ಞೆಯಂತೆ ಅವರೂ ಶಾಲು ಹೊದ್ದಿದ್ದರು. ಆದರೆ ಇವತ್ತು ಕೈಯಲ್ಲಿದ್ದ ತಟ್ಟೆಯೂ ನಡುಗುತ್ತಿತ್ತು. ನಿನ್ನೆಯಿಂದ ಜ್ವರ, ಕಣ್ಣಿನ ಹಿಂದೆ ಒಂದೇ ಸಮನೆ ನೋವು. ಆಸ್ಪತ್ರೆಗೆ ಹೋಗೋಣ ಎಂದರೆ, ಡೆಂಗಿ ಅಂದುಬಿಟ್ಟರೆ ಸೊಳ್ಳೆಗೆ ಹೊಗೆ ಹಾಕುವವರು ಮನೆಗೇ ಬರುತ್ತಾರೆ, ಅತಿಥಿಗಳು ಹೊರಟ ಮೇಲೆ ನೋಡೋಣ, ಅಲ್ಲಿಯವರೆಗೆ ಕಾಳುಮೆಣಸಿನ ಕಷಾಯ ಕುಡಿ ಎಂದಿದ್ದರು ಪರಮೇಶಪ್ಪ. ಊರಿನ ಹವೆಯ ಮರ್ಯಾದೆ ಉಳಿಸಲು ಹೆಂಡತಿಯನ್ನೇ ಬೇಯಿಸಲು ಹೊರಟವರಿಗೆ ಯಾರು ಏನು ಹೇಳುವುದು.

ಹಲ್ಲು ಕಟಕಟ ಅನ್ನುತ್ತಿದ್ದ ಕಾಂತಮ್ಮನನ್ನು ಕಂಡು ಮೈಸೂರಿನ ಅತಿಥಿ ಕಿರಣ್‌ಕುಮಾರ್ ಮೊಬೈಲ್ ಎತ್ತಿ ವಿಡಿಯೊ ಮಾಡತೊಡಗಿದ.

"ನಮಗ್ಯಾಕೋ ಸೆಖೆನೇ ಆಗ್ತಿದೆ ಸರ್. ಆಂಟಿ ನೋಡಿ, ಹೆಂಗೆ ನಡುಗ್ತಿದ್ದಾರೆ."

ಪರಮೇಶಪ್ಪ ಹಣೆಯ ಬೆವರು ಒರೆಸಿಕೊಂಡು ನಕ್ಕರು. "ಹೇಳಿರಲಿಲ್ವಾ? ಇನ್ನೊಂದು ದಿನ ಇರಿ, ನಿಮಗೂ ಗೊತ್ತಾಗುತ್ತೆ."

ಕಾಂತಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಗೋಡೆ ಹಿಡಿದುಕೊಂಡು ಅಂಗಳಕ್ಕಿಳಿದು, ಬ್ಯಾಗು ತುಂಬಲೆಂದು ಬಾಗಿಲು ತೆರೆದಿಟ್ಟಿದ್ದ ಕಿರಣ್‌ಕುಮಾರನ ಕಾರಿನಲ್ಲಿ ಕುಳಿತುಬಿಟ್ಟರು. ಅವನು ಗಾಬರಿಯಿಂದ ಹಿಂದೆಯೇ ಓಡಿಬಂದ.

"ಮಡಿಕೇರಿ ಆಸ್ಪತ್ರೆಗೆ ಬಿಟ್ಟುಬಿಡಪ್ಪ," ಎಂದರು ಕಾಂತಮ್ಮ. "ಈ ಚಳಿ ಸೊಳ್ಳೆ ಕೊಟ್ಟಿದ್ದು. ನಿನಗೂ ಬೇಕಿದ್ರೆ, ಯಜಮಾನ್ರು ಹೇಳ್ದಂಗೆ ಇನ್ನೊಂದು ದಿನ ಇರು."