ಶೂಟಿಂಗಿಗೆ ಬಂದ ಕೆಂಪಿ

"ಬಾ" ಎಂದು ಸುಶ್ಮಿತಾ ಕರೆದಾಗ, ಟಿವಿಯವರು ಭದ್ರಾವತಿಯಿಂದ ತರಿಸಿದ್ದ ಲ್ಯಾಬ್ರಡಾರ್ ಕದಲಲಿಲ್ಲ. ಬಂದದ್ದು ಅವಳದೇ ನಾಯಿ ಕೆಂಪಿ. ಶೂಟಿಂಗ್ ನಡೆಯುತ್ತಿದ್ದ ಗೋಪಾಳದ ಪಾರ್ಕಿನ ಎದುರಿಗೇ ಇದ್ದ ಅವಳ ಮನೆಯಿಂದ ಹಗ್ಗ ಹರಿದುಕೊಂಡು ಓಡಿಬಂದು ಅವಳ ಕಾಲ ಬಳಿ ನೆಟ್ಟಗೆ ಕುಳಿತಿತು.

ನಾಯಿಯನ್ನು ಜವಾಬ್ದಾರಿಯಿಂದ ಸಾಕುವುದು ಹೇಗೆಂದು ಹುಡುಗ ಹುಡುಗಿಯರಿಗೆ ಕಲಿಸುವ ಕಾರ್ಯಕ್ರಮ ಅದು. ಅದನ್ನು ನೋಡಿಯೇ ಅವಳು ಈ ಬೀದಿನಾಯಿಯನ್ನು ಪಳಗಿಸಿದ್ದಳು; ಈಗ ಅದರಲ್ಲೇ ಕಾಣಿಸಿಕೊಳ್ಳಲು ಅವಳನ್ನು ಆರಿಸಿದ್ದರು. ಆದರೆ ಹರಿದ ಕಿವಿಯ ನಾಯಿ ಟಿವಿಯಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ನಿರ್ದೇಶಕ ದೇವರಾಜ್ ಬೇರೆಯದನ್ನು ತರಿಸಿದ್ದರು.

"ಕಟ್ಟಿಹಾಕಿ ಬಾ ಅಂದಿದ್ನಲ್ಲಮ್ಮ! ಓಡ್ಸು ಅದನ್ನ. ಇಲ್ಲಾಂದ್ರೆ ನಿನ್ನ ಬದಲು ವಿನೋಬನಗರದ ಇನ್ನೊಬ್ಬ ಹುಡುಗೀನ ಕರೆಸ್ತೀನಿ" ಎಂದರು ಅವರು.

"ಹೋಗು ಕೆಂಪಿ, ಮನೆಗೆ ಹೋಗು" ಎಂದರೂ ಅದು ಏಳಲಿಲ್ಲ. ಸುಶ್ಮಿತಾ ಕಲ್ಲೊಂದನ್ನು ಹೆಕ್ಕಿ ಬೀಸಿದಳು. ಅದು ಕೆಂಪಿಯ ಮುಂಗಾಲಿಗೆ ಬಡಿದು ದೂರ ಉರುಳಿತು. ಕುಂಯ್‌ಗುಟ್ಟಿದ ನಾಯಿ ಕುಂಟುತ್ತಾ ಕಲ್ಲಿನ ಹಿಂದೆ ಹೋಯಿತು. ಎಸೆದದ್ದನ್ನು ತರಬೇಕೆಂದು ಅವಳೇ ಕಲಿಸಿದ್ದಳು. ಕಲ್ಲನ್ನು ಕಚ್ಚಿ ತಂದು ಅವಳ ಕಾಲ ಬಳಿ ಇಟ್ಟು, ಬಾಲವಾಡಿಸುತ್ತ ಮುಖ ನೋಡಿತು.

ಕ್ಯಾಮೆರಾದವನು ಮುಖ ತಿರುಗಿಸಿಕೊಂಡ. "ಬಿಸಿಲು ಹೋಗ್ತಿದೆ, ಬೇಗ ಮಾರಾಯ್ತಿ" ಎಂದರು ದೇವರಾಜ್.

ಸುಶ್ಮಿತಾ ಬಗ್ಗಿ, ಜೊಲ್ಲಿನಿಂದ ಒದ್ದೆಯಾಗಿದ್ದ ಆ ಕಲ್ಲನ್ನು ಎತ್ತಿಕೊಂಡು, ಈ ಸಲ ಇನ್ನೂ ಜೋರಾಗಿ ಬೀಸಿದಳು.