ಕೊಳಕುಮಂಡಲದ ಗೂಡು

ಮೃಗಾಲಯದ ಗಾಜಿನ ಗೂಡಿನೊಳಗೆ ನನಗಾಗಲಿ ಅಕ್ಕನಿಗಾಗಲಿ ಒಣಗಿದೆಲೆ ಬಿಟ್ಟು ಏನೂ ಕಾಣಲಿಲ್ಲ. ಲೋಕದಲ್ಲಿ ತಮ್ಮೊಬ್ಬರಿಗೇ ಬುದ್ಧಿಯಿದೆ ಎಂದುಕೊಂಡಿರುವ ಭಾವ ಪಕ್ಕದಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

“ಕೊಳಕುಮಂಡಲ ಒಣಗಿದೆಲೆ ಬಣ್ಣಕ್ಕೇ ಇರುತ್ತೆ ಕಣೇ. ಅದನ್ನ ನೋಡೋಕೆ ಕಣ್ಣಿದ್ರೆ ಸಾಲದು, ತಲೇಲಿ ಏನಾದ್ರೂ ಇರಬೇಕು. ನಿಮ್ಮ ವಂಶಕ್ಕೇ ಅದಿಲ್ಲ.”

“ಎಲ್ರೀ ಇದೆ?” ಅಂದಳು ಅಕ್ಕ.

“ಅಗೋ, ಬಲಗಡೆ ಮೂಲೇಲಿ. ನಾಲಿಗೆ ಬೇರೆ ಚಾಚ್ತಿದೆ. ಎಂಥ ಕುರುಡರನ್ನ ಕಟ್ಕೊಂಡು ಬಂದೆನಪ್ಪಾ!”

ಸುತ್ತ ನಿಂತಿದ್ದವರೂ “ಹೌದೌದು, ಕಂಡಿತು” ಎಂದು ತಲೆಯಾಡಿಸಿದರು.

ಅಷ್ಟರಲ್ಲಿ ಬೀಗದ ಕೈ ಹಿಡಿದು ಬಂದ ಮೃಗಾಲಯದ ಸಿಬ್ಬಂದಿ ಭಾವನ ಮುಂದೆ ನಿಂತ.

“ಸ್ವಲ್ಪ ಮೇಲೇಳಿ ಸಾರ್. ಗೂಡು ತೊಳೆದು ಹೊಸ ಎಲೆ ಹಾಸಿದ್ದಾಯ್ತು, ಪೆಟ್ಟಿಗೇಲಿರೋ ಹಾವನ್ನ ಒಳಗೆ ಬಿಡಬೇಕು.”